ಮೂತಿ ಕೆಳಗಾದ ದಿನ

ಅಂಗಳದ ನೀರಿನ ಮೇಲೆ ಬಣ್ಣ ತೇಲುತ್ತಿದೆ ಅಂತ ಮೊದಲು ಹೇಳಿದ್ದು ಅವ್ವ. ಕಕ್ಕಡದ ಮಳೆ, ಅಂದರೆ ಜುಲೈ-ಆಗಸ್ಟಿನ ಮಳೆ. ಮೂರು ದಿನದಿಂದ ಸೂರ್ಯ ಎಲ್ಲಿದ್ದಾನೋ ಗೊತ್ತಿಲ್ಲ. ನಾನು ಒಲೆ ಮುಂದೆ ಕೂತು ಬೆಲ್ಲದ ಕಾಫಿ ಕುಡಿಯುತ್ತಿದ್ದೆ. "ನಿನ್ನ ಗಾಡಿ ರಾತ್ರಿ ಉಚ್ಚೆ ಹೊಯ್ದಿದೆ, ಹೋಗಿ ನೋಡು" ಅಂದಳು. ನಮ್ಮ ಮನೆಯಲ್ಲಿ ಆಡೋದು ಅರೆಭಾಷೆ. ಇಲ್ಲಿ ಕನ್ನಡಕ್ಕೆ ತಂದಿದ್ದೇನೆ. ಮೂಲದಲ್ಲಿ ಇನ್ನೂ ಸ್ವಲ್ಪ ಖಾರವಾಗಿತ್ತು.

ಹೋಗಿ ನೋಡಿದೆ. ಶೆಡ್ಡಿನಿಂದ ಹರಿದು ಬಂದ ನೀರಿನ ಮೇಲೆ ನೀಲಿ, ನೇರಳೆ, ಹಳದಿ ಪಟ್ಟಿ. ನವಿಲುಗರಿ ಹಾಸಿದ ಹಾಗೆ. ಚೆಂದವೇ ಇತ್ತು. ಆದರೆ ನಮ್ಮ ಅಂಗಳದ ನೀರು ಮನೆ ಕೆಳಗಿನ ತೋಡಿಗೆ ಹೋಗುತ್ತದೆ. ತೋಡು ಗದ್ದೆ ದಾಟಿ ಹೊಳೆಗೆ. ಕೊಡಗಿನ ನಾಪೋಕ್ಲು ಕಡೆಯವರು ನಾವು, ನಮ್ಮ ತೋಡಿಗೆ ಏನು ಬಿದ್ದರೂ ಅದು ಕೊನೆಗೆ ಕಾವೇರಿಗೇ. ವರ್ಷಕ್ಕೊಮ್ಮೆ ತಲಕಾವೇರಿಗೆ ಹೋಗಿ ತೀರ್ಥ ತರುತ್ತೇವೆ. ಇಲ್ಲಿ ಅದೇ ನೀರಿಗೆ ಡೀಸೆಲ್ ಬಿಟ್ಟುಕೊಂಡು ಕೂತಿದ್ದೇನೆ. ಕಾಫಿ ಗಂಟಲಲ್ಲಿ ಇಳಿಯಲಿಲ್ಲ.

ಎಷ್ಟು ಸೋರಿದೆ ಅಂತ ಆ ಬಣ್ಣ ನೋಡಿ ಹೇಳಲಾಗದು. ಡೀಸೆಲ್ ನೀರಿನ ಮೇಲೆ ಬಿದ್ದರೆ ತೀರಾ ತೆಳ್ಳಗೆ ಹರಡುತ್ತದೆ. ನಾಲ್ಕು ಹನಿ ಸಾಕು, ಇಡೀ ಅಂಗಳಕ್ಕೆ ಬಣ್ಣ. ಬೇಸಿಗೆಯಾಗಿದ್ದರೆ ಅದೇ ನಾಲ್ಕು ಹನಿ ಮಣ್ಣಿನಲ್ಲಿ ಇಂಗಿ ಹೋಗುತ್ತಿತ್ತು, ನಮಗೆ ಗೊತ್ತೇ ಆಗುತ್ತಿರಲಿಲ್ಲ. ಬಹುಶಃ ಬೇಸಿಗೆಯಿಡೀ ಹಾಗೇ ಆಗಿರಬೇಕು. ಮಳೆ ಬಂದು ಚಾಡಿ ಹೇಳಿತು, ಅಷ್ಟೆ.

ಗಾಡಿಯ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. 2001ರ ಪಿಕಪ್. ಒಂದು ಎಸ್ಟೇಟಿನವರು ಮಾರುವಾಗ ಸೆಕೆಂಡ್ ಹ್ಯಾಂಡಿಗೆ ತೆಗೆದುಕೊಂಡದ್ದು. ರೋಬಸ್ಟಾ ಚೀಲ, ಗೊಬ್ಬರ, ಸ್ಪ್ರಿಂಕ್ಲರ್ ಪೈಪು, ಸಿಲ್ವರ್ ಓಕ್ ದಿಮ್ಮಿ, ಮದುವೆ ಮನೆಯ ಕುರ್ಚಿ, ಎಲ್ಲ ಹೊತ್ತಿದೆ. 2018ರ ಆಗಸ್ಟಿನಲ್ಲಿ ಗುಡ್ಡಗಳು ಜಾರಿದಾಗ ಮಡಿಕೇರಿಯ ಪರಿಹಾರ ಕೇಂದ್ರಕ್ಕೆ ಅಕ್ಕಿ, ಕಂಬಳಿ ಹೊತ್ತಿದ್ದೂ ಇದೇ. ಕೊಡಗಿನಲ್ಲಿ ರೈಲು ಇಲ್ಲ. ಒಂದು ಸೂಜಿ ಬೇಕಾದರೂ ರಸ್ತೆಯಲ್ಲೇ ಬರಬೇಕು, ಒಂದು ಕಾಳು ಮೆಣಸು ಹೋಗಬೇಕಾದರೂ ರಸ್ತೆಯಲ್ಲೇ ಹೋಗಬೇಕು. ಹಾಗಾಗಿ ಇಲ್ಲಿ ಪಿಕಪ್ ಅಂದರೆ ಮನೆಯ ಎತ್ತು.

ಮಾರಿಬಿಡು ಅಂತ ಹೇಳಿದವರು ಬೇಕಾದಷ್ಟು ಜನ. ವರ್ಷ ವರ್ಷ ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯ ಅನ್ನುವ ಸರ್ಟಿಫಿಕೇಟು, ಮಾಡಿಸಬೇಕು, ಅದೊಂದು ತಲೆನೋವು. ಆದರೆ ಇದರ ಇಂಜಿನ್ನಿನಲ್ಲಿ ಕಂಪ್ಯೂಟರ್ ಇಲ್ಲ. ಇರುವುದು ಡೀಸೆಲ್ ಒತ್ತುವ ಹಳೆ ಮೈಕೋ ಪಂಪು. 1951ರಲ್ಲಿ ಶುರುವಾದ ಬೆಂಗಳೂರಿನ ಆ ಕಂಪನಿ 2008ರಲ್ಲಿ ಬಾಷ್ ಅಂತ ಹೆಸರು ಬದಲಾಯಿಸಿತು. ನಮ್ಮ ಕಡೆ ಯಾರೂ ಬದಲಾಯಿಸಲಿಲ್ಲ, ಈಗಲೂ ಮೈಕೋ ಪಂಪೇ. ಸ್ಪ್ಯಾನರ್ ಹಿಡಿಯಲು ಬರುವವನಿಗೆ ಇದರ ಅರ್ಧ ರಿಪೇರಿ ಕೈಗೆಟುಕುತ್ತದೆ. ಉಳಿದ ಅರ್ಧಕ್ಕೆ ನಾಪೋಕ್ಲಿನಲ್ಲಿ ಇಕ್ಕ ಇದ್ದಾರೆ. ಅರವತ್ತು ದಾಟಿದ ಮೆಕ್ಯಾನಿಕ್. ಕನ್ನಡ, ಕೊಡವ ತಕ್ಕ್, ಮಲಯಾಳ ಮೂರನ್ನೂ ಒಂದೇ ವಾಕ್ಯದಲ್ಲಿ ಆಡುತ್ತಾರೆ. ಬೈಯುವುದು ಮಾತ್ರ ಶುದ್ಧ ಮಲಯಾಳದಲ್ಲಿ.

ಡೀಸೆಲ್ ಗಾಡಿಯಲ್ಲಿ ಎಣ್ಣೆ ನಡೆಯುವ ದಾರಿ ಉದ್ದ. ಟ್ಯಾಂಕಿನಿಂದ ಚಾಸಿಗೆ ಅಂಟಿಕೊಂಡು ಬರುವ ಕಬ್ಬಿಣದ ಪೈಪು. ಅದು ಮುಗಿಯುವಲ್ಲಿ ಒಂದು ಗೇಣು ರಬ್ಬರ್ ಹೋಸು, ಯಾಕೆಂದರೆ ಚಾಸಿ ಸುಮ್ನೆ ಇರುತ್ತದೆ, ಇಂಜಿನ್ ಕುಣಿಯುತ್ತದೆ. ಆಮೇಲೆ ಟ್ಯಾಂಕಿನಿಂದ ಎಣ್ಣೆ ಎಳೆಯುವ ಫೀಡ್ ಪಂಪು, ಫಿಲ್ಟರ್, ಆ ದೊಡ್ಡ ಮೈಕೋ ಪಂಪು. ಅಲ್ಲಿಂದ ಇಂಜಿನ್ನಿನೊಳಗೆ ಎಣ್ಣೆ ಚಿಮ್ಮಿಸುವ ನಾಲ್ಕು ನಾಜಲ್ಲಿಗೆ ನಾಲ್ಕು ಸ್ಟೀಲ್ ಪೈಪು. ನಾಜಲ್ಲಿನಲ್ಲಿ ಮಿಕ್ಕಿದ್ದು ಓವರ್‌ಫ್ಲೋ ಪೈಪಿನಲ್ಲಿ ವಾಪಸ್ ಟ್ಯಾಂಕಿಗೆ. ಈ ದಾರಿಯಲ್ಲಿ ಇಪ್ಪತ್ತಕ್ಕೂ ಜಾಸ್ತಿ ಜಾಯಿಂಟ್ ಇವೆ. ಒಂದೊಂದೂ ಸೋರಬಹುದು.

ಗಾಡಿ ಕೆಳಗೆ ಗೋಣಿ ಹಾಸಿ ಮಲಗಿದೆ. ಹನಿ ಬೀಳುತ್ತಿದ್ದದ್ದು ಇಂಜಿನ್ನಿನ ಹಿಂದಿರುವ ಕ್ಲಚ್ ಹೌಸಿಂಗಿನ ಕೆಳತುದಿಯಿಂದ. ಅಲ್ಲಿ ಡೀಸೆಲ್ಲಿಗೆ ಏನೂ ಕೆಲಸವಿಲ್ಲ. ಅಲ್ಲಿ ಪೈಪೂ ಇಲ್ಲ, ಜಾಯಿಂಟೂ ಇಲ್ಲ. ಒರೆಸಿದೆ. ಬೆಳಿಗ್ಗೆ ಮತ್ತೆ ಒದ್ದೆ. ಇನ್ನೊಮ್ಮೆ ಒರೆಸಿದೆ. ಎರಡು ದಿನ ಇದನ್ನೇ ಮಾಡಿದೆ ಅಂತ ಹೇಳಲು ಈಗ ನಾಚಿಕೆಯಾಗುತ್ತದೆ.

ಹಂಚಿನ ಮನೆಯಲ್ಲಿ ಹುಟ್ಟಿ ಬೆಳೆದವನಿಗೆ ಇಷ್ಟು ಗೊತ್ತಿರಬೇಕಿತ್ತು. ಮಳೆಗಾಲದಲ್ಲಿ ಅಡುಗೆಮನೆಯಲ್ಲಿ ಹನಿ ಬಿದ್ದರೆ ಅದರ ನೇರ ಮೇಲಿನ ಹಂಚು ಚೆನ್ನಾಗಿಯೇ ಇರುತ್ತದೆ. ಒಡೆದ ಹಂಚು ಮೂರು ಸಾಲು ಆಚೆ. ನೀರು ರೀಪಿನ ಮೇಲೆ ಓಡಿ, ಪಕಾಸಿಗೆ ಇಳಿದು, ಎಲ್ಲೋ ಒಂದು ಗಂಟು ಅಡ್ಡ ಸಿಕ್ಕಿದಾಗ ಕೆಳಗೆ ಬೀಳುತ್ತದೆ. ಡೀಸೆಲ್ ಇದಕ್ಕಿಂತ ಕಳ್ಳ. ನೀರಿನ ಹಾಗೆ ಬೇಗ ಆರುವುದಿಲ್ಲ. ಗ್ರೀಸು, ಮಣ್ಣು, ಧೂಳು ಸಿಕ್ಕಿದಲ್ಲೆಲ್ಲ ಬತ್ತಿಯ ಹಾಗೆ ಏರುತ್ತದೆ, ಅಡ್ಡ ಹೋಗುತ್ತದೆ. ಒದ್ದೆ ಕಂಡ ಜಾಗ ಅಂದರೆ ಬರೀ ಗಾಡಿಯ ಅತಿ ತಗ್ಗಿನ ಜಾಗ.

ಹಾಗಾಗಿ ಇಡೀ ಇಂಜಿನ್ ತೊಳೆದೆ. ಸೋಪಿನ ನೀರು, ಹಳೆ ಬ್ರಶ್ಶು, ಆಮೇಲೆ ಬಟ್ಟೆ. ಗೋಣಿ ಕೆಳಗೆ ಮರದ ಮಿಲ್ಲಿನ ಹೊಟ್ಟು ಸುರಿದೆ, ಇನ್ನು ಒಂದು ಹನಿಯೂ ತೋಡಿಗೆ ಹೋಗಬಾರದು ಅಂತ. ಇಂಜಿನ್ ಪೂರ್ತಿ ಆರಿದ ಮೇಲೆ ಹೆಂಡತಿಯ ಪೌಡರ್ ಡಬ್ಬಿ ತಂದು ಪಂಪು, ನಾಜಲ್, ಪೈಪು ಎಲ್ಲದರ ಮೇಲೂ ಉದುರಿಸಿದೆ. ಮಗುವಿಗೆ ಸ್ನಾನ ಮಾಡಿಸಿ ಪೌಡರ್ ಹಚ್ಚಿದ ಹಾಗಿತ್ತು. ಅವಳು ಬಾಗಿಲಲ್ಲಿ ನಿಂತು ನೋಡಿದಳು, ಏನೂ ಹೇಳಲಿಲ್ಲ. ಮಾರನೇ ದಿನ ಡಬ್ಬಿ ಬೀರುವಿನ ಒಳಗೆ ಸೇರಿತ್ತು.

ಇದು ನಿಜವಾಗಿ ಒಳ್ಳೆಯ ಉಪಾಯ. ಬಿಳಿ ಪೌಡರಿನ ಮೇಲೆ ಡೀಸೆಲ್ ಬಂದರೆ ಗೆರೆ ಎಳೆದ ಹಾಗೆ ಕಾಣುತ್ತದೆ. ಹತ್ತು ನಿಮಿಷ ಇಂಜಿನ್ ಓಡಿಸಿದೆ. ಮೂರನೇ ನಾಜಲ್ಲಿನ ತಲೆಯ ಮೇಲೆ, ಓವರ್‌ಫ್ಲೋ ಪೈಪನ್ನು ಹಿಡಿದಿರುವ ಬ್ಯಾಂಜೋ ಬೋಲ್ಟಿನ (ಒಳಗೆ ಎಣ್ಣೆ ಹರಿಯುವ ಟೊಳ್ಳು ಬೋಲ್ಟು) ಸುತ್ತ, ಪೌಡರ್ ಬೂದು ಬಣ್ಣಕ್ಕೆ ತಿರುಗಿತು. ಸಿಕ್ಕಿತು ಕಳ್ಳ ಅಂತ ಕೂಗಿದೆ.

ಆ ಬೋಲ್ಟಿಗೆ ಎರಡೂ ಕಡೆ ತಾಮ್ರದ ವಾಷರ್ ಇರುತ್ತದೆ. ಒಮ್ಮೆ ಬಿಗಿ ಮಾಡಿದ ವಾಷರ್ ಅಮುಕಿ ಗಟ್ಟಿಯಾಗುತ್ತದೆ. ಮತ್ತೆ ಬಿಚ್ಚಿ ಅದನ್ನೇ ಹಾಕಿದರೆ ಸರಿಯಾಗಿ ಕೂರುವುದಿಲ್ಲ. ಇಕ್ಕ ಹೊಸದು ಕೊಡಲು ಡಬ್ಬಿ ಹುಡುಕಿದರು, ಆ ಸೈಜು ಇರಲಿಲ್ಲ. ಹಳೆಯದನ್ನೇ ಗ್ಯಾಸ್ ಉರಿಯಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಹಾಕಿದರು. ನನಗೆ ಅಚ್ಚರಿ. ನಮ್ಮ ಕತ್ತಿ ಹದ ಮಾಡುವವರು ಉಕ್ಕನ್ನು ಕಾಯಿಸಿ ನೀರಿಗೆ ಅದ್ದುವುದು ಗಟ್ಟಿಯಾಗಲಿ ಅಂತ. ತಾಮ್ರ ಉಲ್ಟಾ. ಕಾಯಿಸಿದರೆ ಮೆತ್ತಗಾಗುತ್ತದೆ. ನೀರು ಸುಮ್ನೆ ಬೇಗ ತಣಿಯಲು. ಆ ವಾಷರ್ ಹಾಕಿ ಬಿಗಿ ಮಾಡಿದೆವು. ಪೌಡರ್ ಮತ್ತೆ ಒದ್ದೆಯಾಗಲಿಲ್ಲ.

ಅಲ್ಲೇ ಒಂದು ಬೈಗುಳವೂ ಸಿಕ್ಕಿತು. ಇಂಜಿನ್ ಓಡುವಾಗ ನಾಜಲ್ ಪೈಪಿನ ನಟ್ಟನ್ನು ಬೆರಳಿನಿಂದ ಸವರಿ ನೋಡಲು ಹೋದೆ. ಇಕ್ಕ ಕೈ ಹಿಡಿದು ಎಳೆದರು. ಆ ನಾಲ್ಕು ಸ್ಟೀಲ್ ಪೈಪುಗಳಲ್ಲಿ ನೂರಾರು ಬಾರ್ ಒತ್ತಡ ಇರುತ್ತದೆ. ಗಾಡಿ ಚಕ್ರದ ಗಾಳಿ ಅಂದರೆ ಮೂರು ನಾಲ್ಕು ಬಾರ್, ಹೋಲಿಸಿ ನೋಡಿ. ಅಲ್ಲಿ ಕೂದಲಿನಷ್ಟು ಸಣ್ಣ ಬಿರುಕು ಇದ್ದರೆ ಡೀಸೆಲ್ ಸೂಜಿಯ ಹಾಗೆ ಚರ್ಮದೊಳಗೆ ನುಗ್ಗುತ್ತದೆ. ಹೊರಗೆ ಸೊಳ್ಳೆ ಕಚ್ಚಿದಷ್ಟೇ ಗುರುತು. ಒಳಗೆ ಮಾಂಸ ಕೊಳೆಯಲು ಶುರು. ಕೂಡಲೇ ಆಪರೇಷನ್ ಆಗದಿದ್ದರೆ ಬೆರಳು, ಕೆಲವೊಮ್ಮೆ ಕೈಯೇ ಹೋಗುತ್ತದೆ. ನೋಡಬೇಕಾದರೆ ರಟ್ಟಿನ ತುಂಡು ಹಿಡಿದು ನೋಡಬೇಕು. ಈ ಬರಹದಲ್ಲಿ ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ. ಈಗಿನ ಕಾಮನ್ ರೈಲ್ ಗಾಡಿಗಳಲ್ಲಂತೂ ಒತ್ತಡ ಸಾವಿರ ಬಾರ್ ದಾಟುತ್ತದೆ.

ಒಂದು ವಾರ ಖುಷಿಯಲ್ಲಿದ್ದೆ. ಆಮೇಲೆ ಒಂದು ಬೆಳಿಗ್ಗೆ ಮತ್ತೆ ಅಂಗಳದಲ್ಲಿ ನವಿಲುಗರಿ.

ಇದರ ಜೊತೆಗೇ ಇನ್ನೊಂದು ಕಾಟ ಇತ್ತು. ಅದು ಬೇರೆ ಕಾಯಿಲೆ ಅಂದುಕೊಂಡಿದ್ದೆ, ಹಾಗಾಗಿ ಇಷ್ಟು ಹೊತ್ತು ಹೇಳಲಿಲ್ಲ. ಕೆಲವು ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗುತ್ತಿರಲಿಲ್ಲ. ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಸಾಯುವಷ್ಟರಲ್ಲಿ ಕೆಮ್ಮಿ, ಬಿಳಿ ಹೊಗೆ ಬಿಟ್ಟು, ಹೇಗೋ ಏಳುತ್ತಿತ್ತು. ಚಳಿಗೆ ಅಂದುಕೊಂಡೆ. ಬ್ಯಾಟರಿ ಹಳೆಯದಾಯಿತು ಅಂದುಕೊಂಡೆ. ಹೊಸ ಬ್ಯಾಟರಿಯನ್ನೂ ಹಾಕಿಸಿದೆ. ದುಡ್ಡು ಹೋಯಿತು, ಕೆಮ್ಮು ಹೋಗಲಿಲ್ಲ.

ಆ ತಿಂಗಳು ಮೈಸೂರಿಗೆ ಹೋಗುವ ಕೆಲಸ ಬಂತು. ಅಲ್ಲಿ ಡೀಸೆಲ್ ಪಂಪ್ ನೋಡುವ ಒಂದು ದೊಡ್ಡ ವರ್ಕ್‌ಶಾಪಿಗೆ ಬಿಟ್ಟೆ. ಎರಡು ದಿನ ಇಟ್ಟುಕೊಂಡರು. ನೀಟಾದ ಸಿಮೆಂಟ್ ನೆಲ, ಕೆಳಗೆ ಬಿಳಿ ಪೇಪರ್ ಹಾಸಿದ್ದರು. ಒಂದು ಹನಿ ಬಿದ್ದಿರಲಿಲ್ಲ. ಬೆಳಿಗ್ಗೆ ನನ್ನೆದುರೇ ಸೆಲ್ಫ್ ಹೊಡೆದರು, ಒಂದೇ ಸಲಕ್ಕೆ ಎದ್ದಿತು. ಗಾಡಿ ಮುಂದೆ ನಾನು ಸುಳ್ಳುಗಾರ. ಹಲ್ಲು ನೋವು ಅಂತ ಹೋದವನಿಗೆ ಡಾಕ್ಟರ ಕುರ್ಚಿಯಲ್ಲಿ ಕೂತ ಕೂಡಲೇ ನೋವು ಮಾಯವಾದ ಹಾಗೆ. ಹಳೆ ಗಾಡಿ ಅಲ್ವಾ, ಯಾವುದಕ್ಕೂ ಪಂಪು ಬಿಚ್ಚಿ ಪೂರ್ತಿ ಓವರಾಲ್ ಮಾಡಿಬಿಡೋಣ ಅಂದರು. ಹೇಳಿದ ರೇಟು ಕೇಳಿ ಯೋಚಿಸಿ ಹೇಳುತ್ತೇನೆ ಅಂದೆ. ಚೆಕ್ ಮಾಡಿದ್ದಕ್ಕೆ ಬಿಲ್ಲು ಕೊಟ್ಟು, ಕುಶಾಲನಗರದ ಮೇಲೆ ಘಟ್ಟ ಹತ್ತಿ ವಾಪಸ್ ಬಂದೆ. ಅವರ ಮೇಲೆ ಸಿಟ್ಟಿಲ್ಲ. ಅವರ ನೆಲದ ಮೇಲೆ ಗಾಡಿಗೆ ನಿಜವಾಗಿ ಏನೂ ಆಗಿರಲಿಲ್ಲ. ಆದರೆ ಏನೂ ಆಗದ ಗಾಡಿಗೆ ಓವರಾಲ್ ಯಾಕೆ ಅನ್ನೋದು ಮಾತ್ರ ಇವತ್ತಿಗೂ ಅರ್ಥವಾಗಿಲ್ಲ.

ಮನೆಗೆ ಬಂದು ಅವ್ವನ ಹತ್ತಿರ ಇದನ್ನೆಲ್ಲ ಹೇಳಿಕೊಂಡೆ. ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಮೂತಿ ಕೆಳಗೆ ಮಾಡಿ ನಿಲ್ಲಿಸಿದ ದಿನ ಬಣ್ಣ ಬರುತ್ತದೆ. ಮೂತಿ ಮೇಲೆ ಮಾಡಿ ನಿಲ್ಲಿಸಿದ ದಿನ ನಿನ್ನ ಗಾಡಿ ಬೆಳಿಗ್ಗೆ ಏಳುವುದಿಲ್ಲ. ಅವರಿಗೆ ಇದನ್ನು ಹೇಳಲಿಲ್ವಾ?"

ಹೇಳಿರಲಿಲ್ಲ. ಗೊತ್ತೇ ಇರಲಿಲ್ಲ. ದಿನಾ ಬೆಳಿಗ್ಗೆ ಅಂಗಳ ಗುಡಿಸುವವಳು ಅವಳು. ಗಾಡಿ ಎತ್ತ ಮುಖ ಮಾಡಿದೆ ಅಂತ ನೋಡುವುದು ಅವಳಿಗೆ ಅಭ್ಯಾಸ, ಯಾಕೆಂದರೆ ಪೊರಕೆ ಎಲ್ಲಿ ಸುತ್ತಿಸಬೇಕು ಅನ್ನೋದು ಅದರ ಮೇಲೆ ನಿಂತಿದೆ.

ನಮ್ಮ ಶೆಡ್ಡು ಇಳಿಜಾರಿನಲ್ಲಿದೆ. ಕೊಡಗಿನಲ್ಲಿ ಸಮತಟ್ಟು ಜಾಗ ಅಂದರೆ ಗದ್ದೆ, ಇಲ್ಲಾ ಕಣ. ಎರಡರಲ್ಲೂ ಗಾಡಿ ನಿಲ್ಲಿಸಲು ಬಿಡುವುದಿಲ್ಲ. ಖಾಲಿ ಬಂದ ದಿನ ನೇರ ನುಗ್ಗಿಸುತ್ತೇನೆ, ಮೂತಿ ಮೇಲೆ. ಗೊಬ್ಬರವೋ ಚೀಲವೋ ಇಳಿಸುವ ದಿನ ರಿವರ್ಸ್ ಹಾಕಿ ಗೋಡೌನಿಗೆ ಹಿಂಭಾಗ ಕೊಡುತ್ತೇನೆ, ಮೂತಿ ಕೆಳಗೆ. ಎರಡು ಕಾಯಿಲೆ ಅಂದುಕೊಂಡದ್ದು ಒಂದೇ ತೂತಿನ ಎರಡು ಬಾಯಿ ಇರಬಹುದು ಅಂತ ಆಗ ಹೊಳೆಯಿತು.

ಪಂಪು ಮುಂದಕ್ಕೆ ಒತ್ತುವ ಕಡೆ ತೂತಾದರೆ ಎಣ್ಣೆ ಹೊರಗೆ ಬರುತ್ತದೆ. ಟ್ಯಾಂಕಿನಿಂದ ಎಳೆಯುವ ಕಡೆ ತೂತಾದರೆ ಇಂಜಿನ್ ಓಡುವಾಗ ಎಣ್ಣೆ ಹೊರಬರುವುದೇ ಇಲ್ಲ, ಗಾಳಿ ಒಳಗೆ ಹೋಗುತ್ತದೆ. ಪೌಡರ್ ಒಣಗಿಯೇ ಇರುತ್ತದೆ. ನಾನು ಇಂಜಿನ್ ಓಡಿಸಿ ಪರೀಕ್ಷೆ ಮಾಡಿದ್ದೆ, ಅದೂ ಹಗಲಲ್ಲಿ. ತಪ್ಪು ಅಲ್ಲೇ. ಈಗ ಗಾಡಿಯನ್ನು ಮೂತಿ ಮೇಲೆ ಮಾಡಿ ರಾತ್ರಿ ನಿಲ್ಲಿಸಿ. ಇಂಜಿನ್ ಮೇಲೆ, ಟ್ಯಾಂಕ್ ಕೆಳಗೆ. ತೂತಿನಿಂದ ಗಾಳಿ ಸೇರಿಕೊಂಡು ಪೈಪಿನಲ್ಲಿದ್ದ ಡೀಸೆಲ್ ಪೂರಾ ಟ್ಯಾಂಕಿಗೆ ಇಳಿದು ಹೋಗುತ್ತದೆ. ಹೆಬ್ಬೆರಳಿನಿಂದ ಮುಚ್ಚಿದ ಸ್ಟ್ರಾದಲ್ಲಿ ಜ್ಯೂಸ್ ನಿಲ್ಲುತ್ತದೆ, ಬೆರಳು ತೆಗೆದರೆ ಬೀಳುತ್ತದೆ, ಹಾಗೆ. ಬೆಳಿಗ್ಗೆ ಪಂಪಿಗೆ ಸಿಗುವುದು ಬರೀ ಗಾಳಿ. ಮೂತಿ ಕೆಳಗೆ ಮಾಡಿದರೆ ಟ್ಯಾಂಕ್ ಮೇಲೆ, ತೂತು ಕೆಳಗೆ. ರಾತ್ರಿಯಿಡೀ ತೊಟ್ಟಿಕ್ಕುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾತ್ರ ಚೆನ್ನಾಗಿ ಆಗುತ್ತದೆ. ಮೈಸೂರಿನ ಸಮ ನೆಲದಲ್ಲಿ ಎರಡೂ ಇಲ್ಲ.

ಇಕ್ಕನಿಗೆ ಫೋನ್ ಮಾಡಿ ಹೇಳಿದೆ. ಎರಡು ಕ್ಷಣ ಸುಮ್ಮನಿದ್ದರು. "ಅವ್ವನನ್ನು ನಮ್ಮ ಗ್ಯಾರೇಜಿಗೆ ಕಳಿಸು" ಅಂದರು.

ಸಂಜೆ ಅವರೇ ಬಂದರು, ಜೇಬಿನಲ್ಲಿ ಒಂದು ಅಡಿ ಪಾರದರ್ಶಕ ಪ್ಲಾಸ್ಟಿಕ್ ಟ್ಯೂಬ್ ಇಟ್ಟುಕೊಂಡು. ಫೀಡ್ ಪಂಪಿಗೆ ಎಣ್ಣೆ ಬರುವ ಬಾಯಿಗೆ ಅದನ್ನು ಸೇರಿಸಿದರು. ಇಂಜಿನ್ ಓಡಿಸಿದೆವು. ಟಾರ್ಚ್ ಹಿಡಿದರೆ ಎಲ್ಲ ಕಂಡಿತು. ಹೊಂಬಣ್ಣದ ಡೀಸೆಲ್ ಒಳಗೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು, ಒಂದರ ಹಿಂದೆ ಒಂದು, ಇರುವೆ ಸಾಲಿನ ಹಾಗೆ. ಇಷ್ಟು ದಿನ ಕಾಣದೇ ಇದ್ದದ್ದು ಕಣ್ಣೆದುರು ನಡೆದು ಹೋಗುತ್ತಿತ್ತು. ಆ ಟ್ಯೂಬನ್ನು ಪರೀಕ್ಷೆಗೆ ಮಾತ್ರ ಹಾಕಬೇಕು. ಡೀಸೆಲ್ ತಾಗಿ ತಾಗಿ ಕೆಲವೇ ದಿನದಲ್ಲಿ ಕಟ್ಟಿಗೆಯ ಹಾಗೆ ಬಿರುಸಾಗುತ್ತದೆ. ಕಡಿಮೆ ಖರ್ಚು ಅಂತ ಅದನ್ನೇ ಕಾಯಂ ಮಾಡಿದ ಗಾಡಿಗಳನ್ನು ನೋಡಿದ್ದೇನೆ.

ಫೀಡ್ ಪಂಪಿನ ಹಿಂದೆ ಉಳಿದದ್ದು ಟ್ಯಾಂಕ್, ಕಬ್ಬಿಣದ ಪೈಪು, ಆ ಒಂದು ಗೇಣು ರಬ್ಬರ್. ರಬ್ಬರ್ ಹೊರಗಿನಿಂದ ಚೆನ್ನಾಗೇ ಕಾಣುತ್ತಿತ್ತು. ಕ್ಲಿಪ್ ಸಡಿಲಿಸಿ ಎಳೆದು ಬಗ್ಗಿಸಿದಾಗ ಕ್ಲಿಪ್ಪಿನ ಅಡಿಯಲ್ಲಿ ಬಾಯಿ ಬಿಟ್ಟಿತು. ಅರ್ಧ ಸುತ್ತು ಬಿರುಕು. ಬಿಗಿ ಮಾಡಬೇಕಾದ ಕ್ಲಿಪ್ಪೇ ಅದನ್ನು ಕಚ್ಚಿ ಕಚ್ಚಿ ಕತ್ತರಿಸಿ, ಮೇಲೆ ತಾನೇ ಕೂತು ಮುಚ್ಚಿತ್ತು. ಡೀಸೆಲ್ ಅಲ್ಲಿಂದ ಹೊರಟು, ಹಳೆ ಗ್ರೀಸಿನ ಗೆರೆ ಹಿಡಿದು, ಇಂಜಿನ್ನಿನ ಪಕ್ಕೆಯಲ್ಲಿ ಇಳಿದು, ಕ್ಲಚ್ ಹೌಸಿಂಗಿನ ಕೆಳತುದಿಗೆ ಬರುತ್ತಿತ್ತು. ಮೂತಿ ಕೆಳಗಿದ್ದರೂ ಹನಿ ಹಿಂದಕ್ಕೆ ಯಾಕೆ ಬಂತು ಅಂತ ನೋಡಿದರೆ, ಅಲ್ಲಿದ್ದ ವೈರಿಂಗ್ ಕಟ್ಟು ಅದನ್ನು ಕಾಲುವೆ ಹಾಗೆ ಕರೆದುಕೊಂಡು ಬರುತ್ತಿತ್ತು.

ಇಕ್ಕನ ಪ್ರಕಾರ ಇದಕ್ಕೆಲ್ಲ ಹೊಸ ಡೀಸೆಲ್ಲೇ ಕಾರಣ. 2020ರ ಏಪ್ರಿಲ್ 1ರಿಂದ ಹೊಗೆ ಕಡಿಮೆ ಮಾಡಲು ತಂದ ಬಿಎಸ್-6 ನಿಯಮದ ಡೀಸೆಲ್ ಬಂತು, ಗಂಧಕ ಹತ್ತು ಲಕ್ಷಕ್ಕೆ 50 ಪಾಲಿನಿಂದ 10ಕ್ಕೆ ಇಳಿಯಿತು. ಅವರ ಮಾತನ್ನು ಪೂರ್ತಿ ತಳ್ಳಿಹಾಕಲಾಗದು. ಗಂಧಕ ತೆಗೆಯುವಾಗ ಡೀಸೆಲ್ಲಿನಲ್ಲಿ ರಬ್ಬರನ್ನು ಉಬ್ಬಿಸಿ ಇಡುವ ಕೆಲವು ಅಂಶವೂ ಕಡಿಮೆಯಾಗುತ್ತದೆ. ಹಳೆ ಡೀಸೆಲ್ಲಿಗೆ ಒಗ್ಗಿದ ಸೀಲುಗಳು ಆಗ ಕುಗ್ಗಿ ಸೋರುತ್ತವೆ. ಅಮೆರಿಕದಲ್ಲೂ 1993ರಲ್ಲಿ ಗಂಧಕ ಇಳಿಸಿದಾಗ ಹೀಗೇ ಆಗಿತ್ತು. ಆದರೆ ಇಪ್ಪತ್ತು ವರ್ಷ ಇಂಜಿನ್ ಬಿಸಿ ತಿಂದ ರಬ್ಬರ್ ಯಾವ ಎಣ್ಣೆ ಹಾಕಿದರೂ ಒಡೆಯುತ್ತದೆ. ನಾನು ವಾದ ಮಾಡಲಿಲ್ಲ. ಸ್ಪ್ಯಾನರ್ ಅವರ ಕೈಯಲ್ಲಿತ್ತು.

ಮಾರನೇ ದಿನ ಶುಕ್ರವಾರ, ಮಡಿಕೇರಿ ಸಂತೆ. ತರಕಾರಿ ಜೊತೆಗೆ ಎರಡು ಅಡಿ ಡೀಸೆಲ್ ಹೋಸು ತಂದೆ. ಇದರಲ್ಲಿ ಜಿಪುಣತನ ಬೇಡ. ನೀರಿನ ಹೋಸು ಹಾಕಿದರೆ ಡೀಸೆಲ್ ಅದನ್ನು ಉಬ್ಬಿಸಿ ಹಾಳು ಮಾಡುತ್ತದೆ, ಎಣ್ಣೆಗೆ ಅಂತಲೇ ಮಾಡಿದ ನೂಲು ಹೆಣೆದ ರಬ್ಬರೇ ಬೇಕು. ಇಷ್ಟಾಗಿಯೂ ಖರ್ಚು ಇನ್ನೂರು ರೂಪಾಯಿ ದಾಟಲಿಲ್ಲ. ಕಬ್ಬಿಣದ ಪೈಪಿನ ತುದಿಯಲ್ಲಿ ತುಕ್ಕು ಹಿಡಿದಿತ್ತು. ಅದರ ಮೇಲೆ ಹೊಸ ರಬ್ಬರ್ ಏರಿಸಿದರೆ ತುಕ್ಕಿನ ಸಂದಿಯಲ್ಲೇ ಗಾಳಿ ಹೋಗುತ್ತದೆ. ಉಪ್ಪು ಕಾಗದ ಸುತ್ತಿ ತಿಕ್ಕಿದೆ, ಕೈಗೆ ನುಣುಪು ಸಿಗುವ ತನಕ. ಅಂಚು ಮಡಚಿದ ಕ್ಲಿಪ್ ಹಾಕಿದೆ, ರಬ್ಬರಿಗೆ ಕಚ್ಚದ ಹಾಗೆ. ಕ್ಲಿಪ್ಪನ್ನು ಜೀವ ಹೋಗುವಷ್ಟು ಬಿಗಿ ಮಾಡುವ ಚಟ ನನ್ನದು, ಅದನ್ನು ಈ ಸಲ ತಡೆದುಕೊಂಡೆ.

ಆಮೇಲೆ ಏರ್ ತೆಗೆಯಬೇಕು. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ಫೀಡ್ ಪಂಪಿನ ಕೈ ಗುಂಡಿಯನ್ನು ಒತ್ತುತ್ತಾ ಹೋಗಬೇಕು. ಮೊದಲು ಬುಸ್ ಅಂತ ಗಾಳಿ, ಆಮೇಲೆ ನೊರೆ, ಆಮೇಲೆ ಶುದ್ಧ ಎಣ್ಣೆ. ಎಣ್ಣೆ ಬಂದ ಮೇಲೂ ಹತ್ತು ಸಲ ಒತ್ತಿ ಸ್ಕ್ರೂ ಬಿಗಿ ಮಾಡಬೇಕು. ಬಂದದ್ದೆಲ್ಲ ಹಳೆ ಬೋಗುಣಿಗೆ. ಹೆಬ್ಬೆರಳು ನೋಯುತ್ತದೆ, ಆದರೆ ಈ ಕೆಲಸ ನನಗೆ ಇಷ್ಟ. ಗುಂಡಿ ಮೊದಲು ಪೊಳ್ಳಾಗಿರುತ್ತದೆ, ಎಣ್ಣೆ ತುಂಬುತ್ತಿದ್ದ ಹಾಗೆ ಬೆರಳಿಗೆ ಎದುರು ಒತ್ತುತ್ತದೆ. ಗುಳ್ಳೆ ಮುಗಿದದ್ದು ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ.

ಡಿಪ್‌ಸ್ಟಿಕ್ ಎಳೆದು ಇಂಜಿನ್ ಆಯಿಲನ್ನೂ ಮೂಸಿ ನೋಡಿದೆ. ಹಳೆ ಪಂಪುಗಳಲ್ಲಿ ಸೋರಿಕೆ ಹೊರಗೆ ಕಾಣದೆ ಒಳಗೊಳಗೇ ಆಯಿಲಿಗೆ ಸೇರುವುದೂ ಉಂಟು. ಆಯಿಲ್ ತಾನಾಗಿ ಏರುತ್ತಿದ್ದರೆ, ಡೀಸೆಲ್ ವಾಸನೆ ಬಂದರೆ, ಗಾಡಿ ಓಡಿಸಬಾರದು, ಬೇರಿಂಗ್ ಹೋಗುತ್ತದೆ. ನಮ್ಮದು ಸರಿಯಾಗಿತ್ತು.

ಎರಡು ರಾತ್ರಿ ಬೇಕೆಂದೇ ಮೂತಿ ಕೆಳಗೆ ಮಾಡಿ ನಿಲ್ಲಿಸಿದೆ, ಕೆಳಗೆ ರಟ್ಟು ಹಾಸಿ. ಎರಡು ರಾತ್ರಿ ಮೂತಿ ಮೇಲೆ. ರಟ್ಟು ಒಣಗಿತ್ತು. ಸೆಲ್ಫ್ ಒಂದೇ ಸಲಕ್ಕೆ. ಅವ್ವ ಅಂಗಳದ ನೀರು ನೋಡಿ ಬಂದು "ಏನೂ ಇಲ್ಲ" ಅಂದಳು, ಸ್ವಲ್ಪ ಬೇಜಾರಾದ ಹಾಗೆ ಕಂಡಿತು.

ಇನ್ನು ಗಾಡಿ ಹಿಂದಿನ ಸಾಮಾನು ತುಂಬುವ ಟ್ರೇಯ ಡೀಸೆಲ್ ವಾಸನೆ ಹೋಗಬೇಕು. ಕಾಫಿ ಬೇಗ ಪರಿಮಳ ಎಳೆದುಕೊಳ್ಳುತ್ತದೆ, ಡೀಸೆಲ್ ವಾಸನೆ ಹಿಡಿದ ಚೀಲವನ್ನು ಯಾರೂ ಮುಟ್ಟುವುದಿಲ್ಲ. ರೋಬಸ್ಟಾ ಕೊಯ್ಲಿಗೆ ಡಿಸೆಂಬರ್ ತನಕ ಸಮಯ ಇದೆ. ತೊಳೆದು ಬಿಸಿಲಿಗೆ ಬಿಡೋಣ ಅಂತಿದ್ದೇನೆ, ಬಿಸಿಲು ಬಂದರೆ.

ನಿನ್ನೆ ಸಂಜೆ ಗೊಬ್ಬರ ತಂದೆ. ರಿವರ್ಸ್ ಹಾಕಿ ಮೂತಿ ಕೆಳಗೆ ಮಾಡಿ ನಿಲ್ಲಿಸಿದೆ. ಇಳಿದು ಬಂದು ಮುಂದಿನ ಎರಡೂ ಚಕ್ರಕ್ಕೆ ಕಲ್ಲು ಕೊಟ್ಟೆ. ಹ್ಯಾಂಡ್‌ಬ್ರೇಕ್ ಇನ್ನೂ ಸರಿಯಾಗಿಲ್ಲ.